ಹಬ್ಬದ ಬಟ್ಟಲಲ್ಲಿ ಉಳಿದ ಶಿರಾದ ಇತಿಹಾಸ

ಒಂದು ಸಮುದಾಯದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕೋಟೆ, ಗೋರಿ, ಶಾಸನಗಳ ಬಳಿಗೆ ಹೋಗುತ್ತಾರೆ. ಅಡುಗೆಮನೆಯ ಬಾಗಿಲು ತಟ್ಟುವವರು ವಿರಳ. ಆದರೆ ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲೂಕುಗಳ ಮುಸ್ಲಿಮರ ಬದುಕನ್ನು ಅರಿಯಬೇಕಾದರೆ ಈದಿನ ಬೆಳಗ್ಗೆ ಕೈಗೆ ಬರುವ ಶೀರ್ ಕುರ್ಮಾದ ಬಟ್ಟಲೂ ಒಂದು ದಾಖಲೆಯೇ ಎಂಬುದನ್ನು ನಾವು ಮರೆಯಬಾರದು.

ಮೊದಲು ಶಿರಾದ ಕಡೆಗೆ ನೋಡೋಣ. ರತ್ನಗಿರಿಯ ನಾಯಕರು ಕಟ್ಟಲಾರಂಭಿಸಿದ ಈ ಊರು 1638ರ ಸುಮಾರಿಗೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ವಶವಾಯಿತು. ಇಲ್ಲಿ ಆಡಳಿತ ನಡೆಸಿದ ಮಲಿಕ್ ರೆಹಾನ್ ಅವರ ಗೋರಿ 1651ರದು. ಇಂದಿಗೂ ಜನರು ಆ ದರ್ಗಾದ ಮುಂದೆ ಗೌರವದಿಂದ ನಿಲ್ಲುತ್ತಾರೆ. 1687ರಲ್ಲಿ ಮೊಘಲರು ಇಲ್ಲಿಗೆ ಬಂದು ತುಂಗಭದ್ರೆಯ ದಕ್ಷಿಣದ ಏಳು ಪರಗಣಗಳಿಗೆ ಶಿರಾವನ್ನೇ ರಾಜಧಾನಿ ಮಾಡಿದರು. ಕೆತ್ತಿದ ಕಲ್ಲಿನ ಜುಮ್ಮಾ ಮಸೀದಿ 1696ರಲ್ಲಿ ಎದ್ದು ನಿಂತಿತು. ಹದಿನೆಂಟನೆಯ ಶತಮಾನದಲ್ಲಿ ದಿಲಾವರ್ ಖಾನನ ಕಾಲಕ್ಕೆ ಇಲ್ಲಿ 50,000 ಮನೆಗಳಿದ್ದುವೆಂಬ ಅಂದಾಜನ್ನು ಬಿ.ಎಲ್. ರೈಸ್ ಅವರ ಗೆಜೆಟಿಯರ್ ದಾಖಲಿಸಿದೆ. ಆ ಬಳಿಕ ಮರಾಠರು ಬಂದರು. 1761ರಲ್ಲಿ ಹೈದರಾಲಿ ಬಂದರು. ಮತ್ತೆ ಮರಾಠರು, ಮತ್ತೆ ಟಿಪ್ಪು ಸುಲ್ತಾನರು. ಶ್ರೀರಂಗಪಟ್ಟಣದ ಪಕ್ಕದಲ್ಲಿ ಗಂಜಾಂ ಪೇಟೆಯನ್ನು ನೆಲೆಗೊಳಿಸಲು ಶಿರಾದಿಂದ 12,000 ಕುಟುಂಬಗಳನ್ನು ಕರೆದೊಯ್ಯಲಾಯಿತೆಂದೂ ಅದೇ ಗೆಜೆಟಿಯರ್ ಹೇಳುತ್ತದೆ. ತುಂಬಿದ ನಗರವೊಂದು ಹೀಗೆ ಬರಿದಾಯಿತು. ಅರಮನೆ ಅಳಿಯಿತು. ಮಸೀದಿ ಉಳಿಯಿತು, ದರ್ಗಾ ಉಳಿಯಿತು, ಅಡುಗೆಯೂ ಉಳಿಯಿತು. ಮೊದಲಿನ ಎರಡನ್ನು ಪುರಾತತ್ತ್ವ ಇಲಾಖೆ ನೋಡಿಕೊಳ್ಳಬಹುದು. ಮೂರನೆಯದನ್ನು ನೋಡಿಕೊಳ್ಳುವವರು ಯಾರು?

ಪಾರಸಿಯನ್ನು ಬಳಸುತ್ತಿದ್ದ ಆಡಳಿತದ ಊರಿನಲ್ಲಿ ಮಾತುಗಳೂ ತಿನಿಸುಗಳೂ ಜೊತೆಯಾಗಿ ನಡೆದಾಡುತ್ತವೆ. 'ಶೀರ್' ಎಂದರೆ ಪಾರಸಿಯಲ್ಲಿ ಹಾಲು, 'ಖುರ್ಮಾ' ಎಂದರೆ ಖರ್ಜೂರ. ಈ 'ಶೀರ್' ಮತ್ತು ನಮ್ಮ 'ಕ್ಷೀರ' ಒಂದೇ ಮೂಲದ ಒಡಹುಟ್ಟಿದ ಪದಗಳು. ಹಲ್ವ ಮತ್ತು ಶರಬತ್ತು ಅರಬಿಯಿಂದ ಬಂದವು, ಬಿರಿಯಾನಿ ಪಾರಸಿಯಿಂದ. ಇವೆಲ್ಲ ಇಂದು ಕನ್ನಡದ ಮಾತುಗಳೇ. ಇಫ್ತಾರಿನ ತಟ್ಟೆಯ ಸಮೋಸವೂ ಹಳೆಯ ಪಯಣಿಗನೇ. ಹದಿನಾಲ್ಕನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತಾ ದೆಹಲಿಯ ಮುಹಮ್ಮದ್ ಬಿನ್ ತುಘಲಕನ ಆಸ್ಥಾನದ ಊಟವನ್ನು ಬಣ್ಣಿಸುವಾಗ ಕೊಚ್ಚಿದ ಮಾಂಸವನ್ನು ತುಂಬಿ ಕರಿದ ಈ ತಿನಿಸನ್ನು ಹೆಸರಿಸಿದ್ದಾನೆ.

ಆದರೆ ಹೊರಗಿನಿಂದ ಬಂದದ್ದು ಹೊರಗಿನದಾಗಿಯೇ ಉಳಿಯಲಿಲ್ಲ. ಒತ್ತು ಶ್ಯಾವಿಗೆಯನ್ನು ಕಾಯಿಹಾಲಿನೊಡನೆ ಉಣ್ಣುವ ನಾಡು ಇದು. ಅದೇ ನಾಡಿನಲ್ಲಿ ಶ್ಯಾವಿಗೆ ತುಪ್ಪದಲ್ಲಿ ಹುರಿದು, ಹಾಲು ಖರ್ಜೂರಗಳೊಡನೆ ಬೆಂದು ಈದಿನ ಬಟ್ಟಲಿಗೆ ಇಳಿಯಿತು. ಕೊರಟಗೆರೆಯ ತೋಟದ ತೆಂಗು, ಪಾವಗಡದ ಕೆಂಪು ಮಣ್ಣಿನ ಕಡಲೆಕಾಯಿ, ಜೇನಿನ ಬೆಟ್ಟವೆಂದೇ ಹೆಸರಾದ ಮಧುಗಿರಿಯ ಸೀಮೆಯ ಹುಣಸೆ, ಶಿರಾದ ಬಯಲಿನಲ್ಲಿ ಮೇದ ಕುರಿ, ಇವೆಲ್ಲ ಸೇರಿ ನಮ್ಮ ಹಬ್ಬದ ಅಡುಗೆಯಾಯಿತು. ಕಡಲೆಕಾಯಿಯೂ ಮೆಣಸಿನಕಾಯಿಯೂ ಮೂಲತಃ ಅಮೆರಿಕ ಖಂಡದವು. ಕಡಲು ದಾಟಿ ಬಂದು ನಮ್ಮ ಮಣ್ಣಿನ ಬೆಳೆಗಳಾದವು. ಯಾವುದು ನಮ್ಮದು, ಯಾವುದು ಪರರದು ಎಂದು ಜಗಳವಾಡುವವರಿಗೆ ನಮ್ಮ ಊಟದ ತಟ್ಟೆಯೇ ಸಾಕಷ್ಟು ಉತ್ತರ ಹೇಳುತ್ತದೆ.

ಇಸ್ಲಾಮಿನಲ್ಲಿ ಹಬ್ಬದ ಸವಿಗೆ ಒಂದು ಕ್ರಮವಿದೆ. ಪ್ರವಾದಿವರ್ಯರು(ಸ) ಈದುಲ್ ಫಿತ್ರ್‌ನ ದಿನ ಕೆಲವು ಖರ್ಜೂರಗಳನ್ನು ಬೆಸ ಸಂಖ್ಯೆಯಲ್ಲಿ ತಿನ್ನದೆ ನಮಾಝಿಗೆ ಹೊರಡುತ್ತಿರಲಿಲ್ಲವೆಂದು ಅನಸ್(ರ) ಅವರ ವರದಿಯಿದೆ. ಅದೇ ನಮಾಝಿಗೆ ಮುಂಚೆ ಫಿತ್ರ್ ಝಕಾತನ್ನು ಸಲ್ಲಿಸಬೇಕೆಂಬ ಆದೇಶವೂ ಇದೆ. ಮನೆಯ ಪ್ರತಿಯೊಬ್ಬರ ಲೆಕ್ಕದಲ್ಲಿ ಒಂದು 'ಸಾಅ್' ಆಹಾರಧಾನ್ಯ, ಅಂದರೆ ಸುಮಾರು ಎರಡೂವರೆಯಿಂದ ಮೂರು ಕಿಲೋ, ಬಡವನ ಮನೆ ತಲಪಬೇಕು. ನೆರೆಮನೆಯ ಒಲೆ ಉರಿಯುವ ವ್ಯವಸ್ಥೆಯಾದ ಮೇಲೆಯೇ ನಮ್ಮ ಸಿಹಿಗೆ ಅರ್ಥ ಬರುತ್ತದೆ. ತಿನ್ನಿರಿ, ಕುಡಿಯಿರಿ, ಪೋಲು ಮಾಡಬೇಡಿರಿ ಎಂಬ ಕುರ್‌ಆನಿನ ಬೋಧನೆಯೂ ಇದೇ ದಾರಿಯದು. ಬಕ್ರೀದಿನಲ್ಲಿ ಮಾಂಸವನ್ನು ಮೂರು ಪಾಲು ಮಾಡಿ ಮನೆಗೆ, ಬಂಧುಮಿತ್ರರಿಗೆ, ಬಡವರಿಗೆ ಹಂಚುವ ರೂಢಿಯ ಹಿಂದಿರುವುದೂ ಇದೇ ಭಾವನೆ.

ಮನೆಯ ಹೊರಗೆ ಈ ಅಡುಗೆಯನ್ನು ಬದುಕಿಸಿಕೊಂಡು ಬಂದವರು ಊರೂರಿನ ಪುಟ್ಟ ಹೋಟೆಲುಗಳವರು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮಸೀದಿಯ ಎದುರಿನ ಸಾಲಿನಲ್ಲಿ, ನಾಲ್ಕು ಮೇಜು ಹಾಕಿದ ಒಂದು ಕೋಣೆ. ಎಷ್ಟೋ ಕಡೆ ನಾಮಫಲಕವೂ ಇರುವುದಿಲ್ಲ. ತಂದೆ ಒಲೆಯ ಮುಂದೆ, ಮಗ ಗಲ್ಲಾದ ಬಳಿ. ಮಸಾಲೆ ಅರೆದವರು, ಸಮೋಸದ ಹಾಳೆ ಲಟ್ಟಿಸಿದವರು ಮನೆಯ ಹೆಂಗಸರು. ದೇಗು ಬರಿದಾಯಿತೆಂದರೆ ಅಂದಿನ ವ್ಯಾಪಾರ ಮುಗಿಯಿತು. ರಮಝಾನಿನಲ್ಲಿ ಹಗಲೆಲ್ಲ ಮುಚ್ಚಿದ್ದು, ಅಸರ್ ನಮಾಝಿನ ಬಳಿಕ ಬೀದಿಗೆ ಮೇಜು ಇಡುವ ಇವರಿಗೆ ಆ ಒಂದು ತಿಂಗಳ ದುಡಿಮೆಯೇ ಮಕ್ಕಳ ಶಾಲಾ ಶುಲ್ಕಕ್ಕೂ ಹಬ್ಬದ ಬಟ್ಟೆಗೂ ಆಧಾರವಾಗುವುದುಂಟು. ಇದು ಬೆವರಿನ ಹಲಾಲ್ ಸಂಪಾದನೆ.

ಇಂತಹ ಅಡುಗೆಯ ವಿಧಾನ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ, ಕೈಯಿಂದ ಕೈಗೆ ಮಾತ್ರ ದಾಟುತ್ತದೆ. ಮಗ ಬೆಂಗಳೂರಿಗೆ ದುಡಿಯಲು ಹೋದನೆಂದರೆ ಒಲೆಯೊಂದು ಆರುತ್ತದೆ, ಅದರೊಡನೆ ಒಂದು ರುಚಿಯೂ ಆರುತ್ತದೆ. ಇತ್ತ ಬೆಂಗಳೂರು-ಪುಣೆ ಹೆದ್ದಾರಿಯಲ್ಲಿ ಧಾವಿಸುವ ನಮ್ಮದೇ ಕುಟುಂಬಗಳು ದಾರಿಬದಿಯ ದೊಡ್ಡ ಹೋಟೆಲಿನಲ್ಲಿ ಉಂಡು ಮುಂದೆ ಸಾಗುತ್ತವೆ. ಮಲಿಕ್ ರೆಹಾನರ ದರ್ಗಾ ಅಲ್ಲಿಂದ ಕೂಗಳತೆಯಲ್ಲಿದೆಯೆಂಬುದು ಮಕ್ಕಳಿಗೆ ತಿಳಿಯುವುದೇ ಇಲ್ಲ.

ಹಬ್ಬದ ರಜೆಯಲ್ಲಿ ಬಂಧುಗಳ ಮನೆಗೆಂದು ಈ ನಾಲ್ಕು ಊರುಗಳ ನಡುವೆ ಓಡಾಡುವಾಗ ಹೆದ್ದಾರಿಯಿಂದ ಇಳಿದು ಊರೊಳಗೆ ಹೋಗೋಣ. ಮಕ್ಕಳಿಗೆ ಮೊದಲು 1696ರ ಮಸೀದಿಯನ್ನು ತೋರಿಸೋಣ, ಬಳಿಕ ಪಕ್ಕದ ಓಣಿಯ ಹೋಟೆಲಿನಲ್ಲಿ ಕೂರಿಸೋಣ. ಉತ್ತಮ ಹೋಟೆಲು ಯಾವುದೆಂದು ಜಮಾಅತ್ ಮುಗಿಸಿ ಹೊರಬರುವ ಹಿರಿಯರನ್ನು ಕೇಳಿದರೆ ಸಾಕು. ಬೆಲೆಯಲ್ಲಿ ಚೌಕಾಶಿ ಮಾಡದಿರೋಣ. ಎಲೆಯಲ್ಲಿ ಅನ್ನ ಉಳಿಸದಿರೋಣ. ಮನೆಯ ಅಜ್ಜಿಯರನ್ನು ಕೇಳಿ ಅವರ ಕೈಯ ಅಡುಗೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿಯೇ ಬರೆದಿಡೋಣ. ಕನ್ನಡಕ್ಕೆ ಇದು ಹೊಸತಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿಯೇ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಪಾಕಗ್ರಂಥವನ್ನು ರಚಿಸಿದ್ದನು. ಆ ಸಾಲಿಗೆ ನಮ್ಮ ಮನೆಗಳ ಶೀರ್ ಕುರ್ಮಾವೂ ಸೇರಲಿ.

ಮತ್ತು ಈದಿನ ಮೊದಲ ಬಟ್ಟಲು ಯಾವ ಧರ್ಮದವರೇ ಆಗಲಿ, ನೆರೆಮನೆಗೆ ಹೋಗಲಿ. ಶಿರಾದ ಅರಮನೆಯನ್ನು ಮತ್ತೆ ಕಟ್ಟುವುದು ನಮ್ಮಿಂದಾಗದು. ಒಲೆ ಆರದಂತೆ ನೋಡಿಕೊಳ್ಳುವುದು ನಮ್ಮಿಂದ ಆಗುತ್ತದೆ. ಅದಕ್ಕೆ ಬೇಕಾದ ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.