ಇನ್ನೂರು ಸುತ್ತು ಮುಗಿದ ಮೇಲೂ ಓಡಿದವನು

ಅಮೆರಿಕಕ್ಕೆ ಬಂದು ನೆಲೆಸಿದ ನಮ್ಮ ಜನ ಬೇಸ್‌ಬಾಲನ್ನು ಹೇಗೋ ಅರ್ಥ ಮಾಡಿಕೊಳ್ತಾರೆ, ಮಕ್ಕಳ ಜೊತೆ ಕೂತು ಇಲ್ಲಿನ ಫುಟ್‌ಬಾಲನ್ನೂ ನೋಡ್ತಾರೆ. ಆದ್ರೆ ನಾಸ್ಕಾರ್ ರೇಸ್ ಅಂದ ಕೂಡಲೇ ಮೂಗು ಮುರಿಯೋರೇ ಜಾಸ್ತಿ. 'ಗಾಣದ ಎತ್ತಿನ ಹಾಗೆ ಮೂರು ಗಂಟೆ ಸುತ್ತೋದ್ರಲ್ಲಿ ಏನಿದೆ ಸ್ವಾಮಿ?' ಅನ್ನೋದು ಸಾಮಾನ್ಯ ಪ್ರಶ್ನೆ. ಸುತ್ತೋದು ನಿಜ. ಆದರೆ ಆ ಸುತ್ತುಗಳನ್ನು ಯಾರು ಹೇಗೆ ಎಣಿಸಿದರು ಅನ್ನೋದರಲ್ಲೇ ಈ ದೇಶದ ಚರಿತ್ರೆಯ ಒಂದು ತುಣುಕು ಅಡಗಿದೆ. ಅದಕ್ಕೆ ವೆಂಡೆಲ್ ಸ್ಕಾಟ್ ಅನ್ನೋ ಡ್ರೈವರ್‌ನ ಕಥೆ ಕೇಳಬೇಕು.

ಮೊದಲು ಸ್ಟಾಕ್ ಕಾರ್ ಅಂದ್ರೇನು ಅಂತ ನೋಡೋಣ. ಫಾರ್ಮುಲಾ ಒನ್‌ನಲ್ಲಿ ಓಡೋದು ರೇಸಿಗೆಂದೇ ಹುಟ್ಟಿದ ಕಾರುಗಳು. ಸ್ಟಾಕ್ ಕಾರ್ ಅಂದ್ರೆ ಮೂಲದಲ್ಲಿ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಮಾಮೂಲಿ ಕಾರು. ಅದನ್ನು ರೇಸಿಗೆ ತಂದವರಲ್ಲಿ ಅನೇಕರು ದಕ್ಷಿಣದ ರಾಜ್ಯಗಳ ಕಳ್ಳಭಟ್ಟಿ ಸಾಗಿಸುವವರು! 1933ರಲ್ಲಿ ಪಾನನಿಷೇಧ ಹೋದರೂ ತೆರಿಗೆ ಹೋಗಲಿಲ್ಲ ನೋಡಿ, ಹಾಗಾಗಿ ಕಳ್ಳಭಟ್ಟಿಯೂ ಹೋಗಲಿಲ್ಲ. ಹೊರಗಿನಿಂದ ಸಾಧಾರಣ, ಒಳಗೆ ಭಾರೀ ಎಂಜಿನ್ನು, ಸಾರಾಯಿಯ ಭಾರಕ್ಕೆ ಹಿಂಭಾಗ ಕುಸಿಯದಂತೆ ಬಲವಾದ ಸ್ಪ್ರಿಂಗು... ಕತ್ತಲಲ್ಲಿ ಪೊಲೀಸರಿಂದ ತಪ್ಪಿಸಿಕೊಂಡು ಓಡಿದ ಹುಡುಗರು ಹಗಲಲ್ಲಿ ಯಾರ ಕಾರು ಜೋರು ಅಂತ ಪಂದ್ಯ ಕಟ್ಟತೊಡಗಿದರು. ಬಿಲ್ ಫ್ರಾನ್ಸ್ ಎಂಬಾತ 1948ರಲ್ಲಿ ಇದಕ್ಕೆಲ್ಲ ನಾಸ್ಕಾರ್ ಅಂತ ಒಂದು ಸಂಸ್ಥೆಯ ರೂಪ ಕೊಟ್ಟ. 1949ರಲ್ಲಿ ಷಾರ್ಲಟ್‌ನಲ್ಲಿ ನಡೆದ ಅದರ ಮೊದಲ ಸ್ಟಾಕ್ ಕಾರ್ ರೇಸಿನಲ್ಲಿ ಮುಂದೆ ಬಂದವನನ್ನೇ ಅನರ್ಹಗೊಳಿಸಿದರು. ಯಾಕೆ ಅಂದ್ರೆ, ಅವನ ಕಾರಿನ ಸ್ಪ್ರಿಂಗು ಕಳ್ಳಭಟ್ಟಿ ಕಾರಿನ ಸ್ಪ್ರಿಂಗು!

ಸ್ಕಾಟ್ ಹುಟ್ಟಿದ್ದು 1921ರ ಆಗಸ್ಟ್ 29ರಂದು, ವರ್ಜೀನಿಯಾದ ಡ್ಯಾನ್‌ವಿಲ್‌ನಲ್ಲಿ. ಹತ್ತಿ ಗಿರಣಿ, ಹೊಗೆಸೊಪ್ಪು, ಇವೆರಡೇ ಆ ಊರಿನ ಅನ್ನ. ಇನ್ನೊಬ್ಬರ ಕೈಕೆಳಗೆ ದುಡಿಯೋದು ಸ್ಕಾಟನಿಗೆ ಚಿಕ್ಕಂದಿನಿಂದಲೂ ಬೇಡ. ಅಪ್ಪನಿಂದ ಮೆಕ್ಯಾನಿಕ್ ಕೆಲಸ ಕಲಿತ, ಟ್ಯಾಕ್ಸಿ ಓಡಿಸಿದ, ಎರಡನೇ ಮಹಾಯುದ್ಧದಲ್ಲಿ ಸೈನ್ಯ ಸೇರಿ ಯುರೋಪಿನಲ್ಲಿ ವಾಹನ ರಿಪೇರಿ ಮಾಡಿದ. ಆಗ ಅಮೆರಿಕದ ಸೈನ್ಯದಲ್ಲೂ ಕಪ್ಪು ಜನರ ತುಕಡಿಗಳೇ ಬೇರೆ, ಬಿಳಿಯರ ತುಕಡಿಗಳೇ ಬೇರೆ. ವಾಪಸ್ ಬಂದು ಗ್ಯಾರೇಜ್ ಇಟ್ಟ, ಜೊತೆಗೆ ರಾತ್ರಿ ಹೊತ್ತು ಕಳ್ಳಭಟ್ಟಿ ಸಾಗಿಸುವ ಉಪಕಸುಬು. ಪೊಲೀಸರ ಕೈಗೆ ಸಿಕ್ಕಿದ್ದು ಒಂದೇ ಸಲ, 1949ರಲ್ಲಿ.

ಆ ಪೊಲೀಸರೇ ಈತನ ರೇಸಿಂಗ್ ಬದುಕಿಗೆ ಬಾಗಿಲು ತೆರೆದರು ಅಂದ್ರೆ ನಂಬ್ತೀರಾ? 1952ರಲ್ಲಿ ಡ್ಯಾನ್‌ವಿಲ್‌ನ ರೇಸ್ ಆಯೋಜಕರಿಗೆ ಪ್ರೇಕ್ಷಕರು ಸಾಲದೇ ಹೋಯಿತು. ಬಿಳಿಯರ ಮಧ್ಯೆ ಒಬ್ಬ ಕಪ್ಪು ಡ್ರೈವರನ್ನು ಇಳಿಸಿದ್ರೆ ಜನ ನೋಡೋಕೆ ಬರ್ತಾರೆ ಅನ್ನೋ ಲೆಕ್ಕಾಚಾರ ಹಾಕಿ, ಅಂಥವನು ಯಾರಿದ್ದಾನೆ ಅಂತ ಪೊಲೀಸರನ್ನೇ ಕೇಳಿದರು. ಬೆನ್ನಟ್ಟಿ ಬೆನ್ನಟ್ಟಿ ಸೋತಿದ್ದ ಪೊಲೀಸರು ತೋರಿಸಿದ್ದು ಸ್ಕಾಟನನ್ನು. ಅವರು ಕರೆದಿದ್ದು ತಮಾಷೆಗೆ, ಈತ ಹೋಗಿದ್ದು ಬದುಕು ಕಟ್ಟೋದಕ್ಕೆ. ಅಲ್ಲಿಂದಾಚೆ ನಾಸ್ಕಾರ್ ರೇಸಿಗೆ ಅಂತ ಕಾರನ್ನು ಎಳೆದುಕೊಂಡು ವಿನ್‌ಸ್ಟನ್-ಸೇಲಂಗೆ ಹೋದರೆ ಬಣ್ಣದ ಕಾರಣಕ್ಕೆ ಒಳಗೇ ಬಿಡಲಿಲ್ಲ. ಸ್ಕಾಟ್ ಸುಮ್ಮನೆ ಕೂರಲಿಲ್ಲ. ಚಿಕ್ಕಪುಟ್ಟ ಟ್ರ್ಯಾಕುಗಳಲ್ಲಿ ಗೆಲ್ಲುತ್ತಾ ಹೋದ, 1953ರಲ್ಲಿ ನಾಸ್ಕಾರ್ ಲೈಸೆನ್ಸ್ ಪಡೆದ, 1959ರಲ್ಲಿ ಸ್ಪೋರ್ಟ್ಸ್‌ಮನ್ ವಿಭಾಗದಲ್ಲಿ ವರ್ಜೀನಿಯಾ ರಾಜ್ಯದ ಚಾಂಪಿಯನ್ ಆದ. 1961ರಲ್ಲಿ ಗ್ರ್ಯಾಂಡ್ ನ್ಯಾಷನಲ್, ಅಂದ್ರೆ ಆ ಆಟದ ಅತ್ಯುನ್ನತ ಮಟ್ಟಕ್ಕೆ ಏರಿದ.

ಅಲ್ಲಿ ದೊಡ್ಡ ದೊಡ್ಡ ಡ್ರೈವರುಗಳ ಹಿಂದೆ ಕಾರು ಕಂಪನಿಗಳ ದುಡ್ಡು, ಹೊಸ ಎಂಜಿನ್ನು, ಸಂಬಳದ ಮೆಕ್ಯಾನಿಕ್ಕುಗಳು. ಸ್ಕಾಟನ ಹಿಂದೆ ಇದ್ದಿದ್ದು ಹೆಂಡತಿ ಮೇರಿ, ಏಳು ಮಕ್ಕಳು ಮತ್ತು ಸೆಕೆಂಡ್ ಹ್ಯಾಂಡ್ ಬಿಡಿಭಾಗಗಳು. ಗಂಡುಮಕ್ಕಳೇ ಮೆಕ್ಯಾನಿಕ್ಕುಗಳು. ಕೆಲವೊಮ್ಮೆ ರೇಸಿನ ಮಧ್ಯೆ ಕಾರಿನಿಂದ ಇಳಿದು ಈತನೇ ಕೈಹಾಕಿ ಕೆಲಸ ಮಾಡಿ, ಮತ್ತೆ ಹತ್ತಿ ಓಡಿಸಿದ್ದೂ ಉಂಟು. ಕಾರು ಒಡೆದರೆ ಮುಂದಿನ ವಾರದ ಊಟಕ್ಕೇ ಕಲ್ಲು ಅನ್ನುವವನು ಪಕ್ಕದವನಿಗೆ ಗುದ್ದಿ ಮುನ್ನುಗ್ಗುವ ಹಾಗಿರಲಿಲ್ಲ. ಬೇಕಂತಲೇ ಈತನಿಗೆ ಗುದ್ದುವವರು ಮಾತ್ರ ಇದ್ದರು.

ಈಗ ಆ ದಿನಕ್ಕೆ ಬರೋಣ. 1963ರ ಡಿಸೆಂಬರ್ 1, ಫ್ಲೋರಿಡಾದ ಜ್ಯಾಕ್ಸನ್‌ವಿಲ್. ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್‌ನಲ್ಲಿ ಭಾಷಣ ಮಾಡಿ ಮೂರು ತಿಂಗಳು, ಅಧ್ಯಕ್ಷ ಕೆನೆಡಿ ಹತ್ಯೆಯಾಗಿ ಇನ್ನೂ ಹತ್ತು ದಿನ ಆಗಿರಲಿಲ್ಲ. ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕು, 200 ಸುತ್ತು, ಒಟ್ಟು 100 ಮೈಲಿ. ನೆಡ್ ಜ್ಯಾರೆಟ್‌ನಿಂದ ಕೊಂಡ ಹಳೇ ಷೆವರ್ಲೆ ಕಾರಿನಲ್ಲಿ ಸ್ಕಾಟ್. ಸುಮಾರು 25 ಸುತ್ತು ಬಾಕಿ ಇರುವಾಗ ಮುಂದಿದ್ದ ರಿಚರ್ಡ್ ಪೆಟ್ಟಿಯ ಕಾರು ಕೈಕೊಟ್ಟಿತು, ಸ್ಕಾಟ್ ಹಿಂದೆ ಹಾಕಿದ. 200 ಸುತ್ತು ಮುಗಿಯಿತು. ಗೆದ್ದವನಿಗೆ ಬೀಸಬೇಕಾದ ಚೌಕುಳಿ ಬಾವುಟ ಮೇಲೇಳಲಿಲ್ಲ! ಸ್ಕಾಟ್ ಮತ್ತೊಂದು ಸುತ್ತು ಬಂದ, ಆಗಲೂ ಇಲ್ಲ. ಇನ್ನೊಂದು ಸುತ್ತೂ ಮುಗಿಯಿತು. ಕೊನೆಗೆ ಎರಡು ಸುತ್ತು ಹಿಂದಿದ್ದ ಬಕ್ ಬೇಕರ್ ಎಂಬ ಬಿಳಿಯ ಡ್ರೈವರ್‌ಗೆ ಬಾವುಟ ಬೀಸಿದರು, ಟ್ರೋಫಿ ಅವನ ಕೈಸೇರಿತು.

ಸ್ಕಾಟ್ ಲೆಕ್ಕ ಪರಿಶೀಲಿಸಿ ಅಂದ. ಸುಮಾರು ಎರಡು ಗಂಟೆಯಾದ ಮೇಲೆ, ಪ್ರೇಕ್ಷಕರೆಲ್ಲ ಮನೆಗೆ ಹೋಗಿ ಸ್ಟ್ಯಾಂಡು ಖಾಲಿಯಾದ ಮೇಲೆ, ಎಣಿಕೆಯಲ್ಲಿ ತಪ್ಪಾಗಿದೆ, ಗೆದ್ದವನು ಸ್ಕಾಟನೇ ಅಂತ ಅಧಿಕಾರಿಗಳು ಒಪ್ಪಿಕೊಂಡರು. ಸಾವಿರ ಡಾಲರ್ ಬಹುಮಾನವೇನೋ ಸಿಕ್ಕಿತು, ಟ್ರೋಫಿ ಬೇಕರ್ ಜೊತೆ ಹೊರಟುಹೋಗಿತ್ತು. ಗೆದ್ದವನಿಗೆ ವೇದಿಕೆಯ ಮೇಲೆ ಬಿಳಿಯ ಸುಂದರಿಯೊಬ್ಬಳು ಮುತ್ತು ಕೊಡುವುದು ಆಗಿನ ಪದ್ಧತಿ. ಫ್ಲೋರಿಡಾದ ಜನರೆದುರು ಅದು ಆಗಬಾರದು ಅಂತಲೇ ಹೀಗೆ ಮಾಡಿದರು ಅನ್ನೋದು ಸ್ಕಾಟ್ ಕುಟುಂಬದ ಮಾತು. ಪುಸ್ತಕದಲ್ಲಿ ಗೆಲುವು ದಾಖಲಾಯಿತು, ಸರಿ. ಆದರೆ ಗೆದ್ದವನು ಗೆದ್ದಿದ್ದನ್ನು ಊರು ನೋಡಬೇಕಲ್ವೇ? ಅದನ್ನು ಯಾವ ತಿದ್ದುಪಡಿ ವಾಪಸ್ ಕೊಡುತ್ತೆ?

ಆಮೇಲೂ ಸ್ಕಾಟ್ ಹತ್ತು ವರ್ಷ ಓಡಿದ. 1966ರಲ್ಲಿ ಇಡೀ ಸೀಸನ್ನಿನ ಅಂಕಪಟ್ಟಿಯಲ್ಲಿ ಆರನೆಯವನಾದ. 1973ರಲ್ಲಿ ಸಾಲ ಮಾಡಿ ಸ್ವಲ್ಪ ಒಳ್ಳೆಯ ಮರ್ಕ್ಯುರಿ ಕಾರು ಕೊಂಡು ಟ್ಯಾಲಡೇಗಾಕ್ಕೆ ಹೋದ. ಅಲ್ಲಿ 21 ಕಾರುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಕಾರು ನುಜ್ಜುಗುಜ್ಜಾಯಿತು, ಸೊಂಟದ ಮೂಳೆ, ಪಕ್ಕೆಲುಬು ಮುರಿದವು. ಅದೇ ವರ್ಷ ಷಾರ್ಲಟ್‌ನಲ್ಲಿ ಕೊನೆಯ ಸಲ ಓಡಿ, 12ನೆಯವನಾಗಿ ಮುಗಿಸಿದ. ಒಟ್ಟು 495 ರೇಸು, 147 ಸಲ ಮೊದಲ ಹತ್ತರೊಳಗೆ, ಗೆಲುವು ಒಂದೇ ಒಂದು. 1977ರಲ್ಲಿ ರಿಚರ್ಡ್ ಪ್ರಯರ್ ನಟಿಸಿದ 'ಗ್ರೀಸ್ಡ್ ಲೈಟ್ನಿಂಗ್' ಅನ್ನೋ ಸಿನಿಮಾ ಈತನ ಬದುಕನ್ನಾಧರಿಸಿ ಬಂತು. 1990ರ ಡಿಸೆಂಬರ್ 23ರಂದು ಸ್ಕಾಟ್ ಡ್ಯಾನ್‌ವಿಲ್‌ನಲ್ಲೇ ತೀರಿಕೊಂಡ.

ಆಮೇಲೆ ಗೌರವಗಳು ಸಾಲುಗಟ್ಟಿ ಬಂದವು. 2015ರಲ್ಲಿ ನಾಸ್ಕಾರ್ ಹಾಲ್ ಆಫ್ ಫೇಮ್ ಸೇರಿದ ಮೊದಲ ಕಪ್ಪು ಡ್ರೈವರ್ ಈತ. ದಕ್ಷಿಣದ ಗುಲಾಮಗಿರಿಯ ಕಾಲದ ಗುರುತಾದ ಕಾನ್ಫೆಡರೇಟ್ ಬಾವುಟವನ್ನು ನಾಸ್ಕಾರ್ ತನ್ನ ಟ್ರ್ಯಾಕುಗಳಿಂದ ಹೊರಗಿಟ್ಟಿದ್ದು 2020ರಲ್ಲಿ, ಬುಬ್ಬಾ ವಾಲೆಸ್ ಎಂಬ ಕಪ್ಪು ಡ್ರೈವರ್ ದನಿ ಎತ್ತಿದ ಮೇಲೆ. 2021ರ ಆಗಸ್ಟ್ 28ರಂದು, ಸ್ಕಾಟನ ನೂರನೇ ಹುಟ್ಟುಹಬ್ಬದ ಹಿಂದಿನ ದಿನ, ಡೇಟೋನಾದಲ್ಲಿ ನಾಸ್ಕಾರ್ ಆತನ ಕುಟುಂಬಕ್ಕೆ 1963ರ ಗೆಲುವಿನ ಟ್ರೋಫಿ ಕೊಟ್ಟಿತು. ಅದೇ ವರ್ಷ ಅಕ್ಟೋಬರ್ 4ರಂದು ವಾಲೆಸ್ ಗೆದ್ದ, ಅದೂ ಸ್ಕಾಟ್ ಮೂಳೆ ಮುರಿದುಕೊಂಡ ಟ್ಯಾಲಡೇಗಾದಲ್ಲೇ. ನಾಸ್ಕಾರ್‌ನ ಅತ್ಯುನ್ನತ ಮಟ್ಟದಲ್ಲಿ ಕಪ್ಪು ಡ್ರೈವರ್ ಒಬ್ಬನ ಎರಡನೇ ಗೆಲುವಿಗೆ ಹೆಚ್ಚುಕಮ್ಮಿ 58 ವರ್ಷ ಬೇಕಾಯಿತು.

ಸ್ಕಾಟನ ಬಗ್ಗೆ ಓದಿದಾಗೆಲ್ಲ ನನ್ನನ್ನು ಕಾಡೋದು ಆ ಹೆಚ್ಚುವರಿ ಎರಡು ಸುತ್ತುಗಳು. ಗೆದ್ದಾಯ್ತು ಅಂತ ಈತನಿಗೆ ಗೊತ್ತು, ಬಾವುಟ ಹಿಡಿದವನಿಗೆ ಗೊತ್ತಿದ್ದರೂ ಗೊತ್ತಿಲ್ಲ. ಸಿಟ್ಟಿನಿಂದ ಕಾರು ನಿಲ್ಲಿಸಿ ಇಳಿದುಬಿಟ್ಟಿದ್ದರೆ ರೇಸು ಬಿಟ್ಟುಹೋದ ಅಂತ ಬರೆದುಕೊಳ್ತಿದ್ದರೋ ಏನೋ. ಈತ ಇಳಿಯಲಿಲ್ಲ, ಅವರು ಎಣಿಸೋ ತನಕ ಓಡಿಸಿದ. ಅರ್ಹತೆ ಇದ್ದೂ ಎರಡು ಸುತ್ತು ಜಾಸ್ತಿ ಓಡಬೇಕಾದವರು ಎಲ್ಲ ಊರಲ್ಲೂ ಇದ್ದಾರೆ, ನೀವೂ ನೋಡಿರ್ತೀರಿ. ಮುಂದಿನ ಸಲ ಟಿವಿಯಲ್ಲಿ ಕಾರುಗಳು ಗಿರಗಿರ ತಿರುಗೋದು ಕಂಡರೆ, ಚಾನೆಲ್ ಬದಲಾಯಿಸೋ ಮೊದಲು ಒಂದು ನಿಮಿಷ ಈತನನ್ನು ನೆನಪಿಸಿಕೊಳ್ಳಿ.