ಹಳೆಯ ಕಂಪ್ಯೂಟರಿಗೆ ಎರಡನೆಯ ಬಾಳು

ನಮ್ಮ ಮನೆಯ ಅಟ್ಟದ ಮೇಲೆ 2004ರಲ್ಲಿ ಕೊಂಡ ಕಂಪ್ಯೂಟರೊಂದು ಬಹುಕಾಲದಿಂದ ಕುಳಿತಿತ್ತು. ಅದಕ್ಕೆ ಅಮ್ಮ ಹೊಲಿದ ಬಟ್ಟೆಯ ಹೊದಿಕೆಯೂ ಇತ್ತು. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅದನ್ನು ಕೆಳಗಿಳಿಸಿದೆವು. ಗುಜರಿಯವರು ತಕ್ಕಡಿ ತಂದು ಕಬ್ಬಿಣದ ಲೆಕ್ಕದಲ್ಲಿ ಬೆಲೆ ಹೇಳಿದರು. ಅಪ್ಪ ಕಂತು ಕಟ್ಟಿ ತಂದ ಯಂತ್ರ ಹಾಗೆ ತೂಕಕ್ಕೆ ಹೋಗುವುದನ್ನು ನೋಡಲಾಗಲಿಲ್ಲ. ‘ಮುಂದಿನ ವಾರ ಬನ್ನಿ’ ಎಂದು ಹೇಳಿ ಕಳುಹಿಸಿದೆವು.

ಇಂಥ ಸಂದಿಗ್ಧ ಈಗ ಹಲವು ಮನೆಗಳದ್ದು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ವಿಂಡೋಸ್ 11 ಬೇಕೆಂದರೆ ಹೊಸ ತಲೆಮಾರಿನ ಪ್ರೊಸೆಸರ್ ಇರಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು. ಯಂತ್ರ ಕೆಟ್ಟಿಲ್ಲ, ಆದರೂ ಅದಕ್ಕೆ ವಯಸ್ಸಾಯಿತೆಂಬ ತೀರ್ಪು ಬಂದಿದೆ. ಹಾಗಾದರೆ ಇಡೀ ಪೆಟ್ಟಿಗೆಯನ್ನು ಎಸೆಯಬೇಕೆ? ಬೇಕಿಲ್ಲ ಎನ್ನುತ್ತದೆ ಅದರ ಚರಿತ್ರೆ. ಏಕೆಂದರೆ ಮನೆಯ ಕಂಪ್ಯೂಟರ್ ಹುಟ್ಟಿನಿಂದಲೇ ಒಂದು ವಸ್ತುವಲ್ಲ, ಹಲವು ವಸ್ತುಗಳ ಕೂಡುಕುಟುಂಬ.

ಅವಸರದಲ್ಲಿ ತೆರೆದ ಬಾಗಿಲು

1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿತು. ಎಲ್ಲವನ್ನೂ ತಾನೇ ತಯಾರಿಸುವುದು ಆ ದೊಡ್ಡ ಸಂಸ್ಥೆಯ ರೂಢಿ. ಆದರೆ ಫ್ಲಾರಿಡಾದ ಬೋಕಾ ರೇಟನ್‌ನಲ್ಲಿ ಡಾನ್ ಎಸ್ಟ್ರಿಜ್ ಮುಂದಾಳುತನದ ತಂಡಕ್ಕೆ ಸಿಕ್ಕಿದ್ದು ಸುಮಾರು ಒಂದು ವರ್ಷ ಮಾತ್ರ. ಆದ್ದರಿಂದ ತಂಡದವರು ಹೊರಗಿನಿಂದ ಕೊಂಡು ಜೋಡಿಸಿದರು. ಪ್ರೊಸೆಸರ್ ಇಂಟೆಲ್ ಸಂಸ್ಥೆಯ 8088, ಡಾಸ್ ತಂತ್ರಾಂಶ ಮೈಕ್ರೋಸಾಫ್ಟ್‌ನದು, ಫ್ಲಾಪಿ ಡ್ರೈವ್ ಭಾರತ ಮೂಲದ ಜುಗಿ ಟಂಡನ್ ಅವರ ಸಂಸ್ಥೆಯದು. ಒಳಗೆ ಐದು ಖಾಲಿ ಸ್ಲಾಟುಗಳಿದ್ದವು. ಯಾರು ಬೇಕಾದರೂ ಕಾರ್ಡು ತಯಾರಿಸಿ ಸಿಕ್ಕಿಸಲಿ ಎಂದು ವಿದ್ಯುತ್ ನಕ್ಷೆಗಳನ್ನೂ ಕೈಪಿಡಿಯಲ್ಲಿ ಅಚ್ಚು ಹಾಕಿಸಿದರು.

ಪರಿಣಾಮ ಐಬಿಎಂ ನಿರೀಕ್ಷಿಸಿದ್ದಕ್ಕಿಂತ ದೊಡ್ಡದಾಯಿತು. ಯಂತ್ರವನ್ನು ಎಚ್ಚರಿಸುವ ಬಯಾಸ್ ಎಂಬ ತಂತ್ರಾಂಶವೊಂದು ಮಾತ್ರ ಅದರ ಸ್ವಂತ ಸೊತ್ತಾಗಿತ್ತು. ಕಾಂಪ್ಯಾಕ್ ಸಂಸ್ಥೆ ಅದರ ಮೂಲವನ್ನು ನಕಲು ಮಾಡದೆ, ಅದೇ ಕೆಲಸ ಮಾಡುವ ಬಯಾಸನ್ನು ಹೊಸದಾಗಿ ಬರೆಸಿ 1983ರಲ್ಲಿ ತನ್ನ ಯಂತ್ರವನ್ನು ಮಾರಾಟಕ್ಕಿಟ್ಟಿತು. ಅದರ ಹಿಂದೆಯೇ ಇನ್ನೂ ಹಲವರು ಬಂದರು. 1987ರಲ್ಲಿ ಐಬಿಎಂ ಪಿಎಸ್/2 ಎಂಬ ಹೊಸ ಸರಣಿ ತಂದು, ಅದರ ಸ್ಲಾಟಿನ ವಿನ್ಯಾಸ ಬಳಸಲು ಪರವಾನಗಿ ಶುಲ್ಕ ಕೇಳಿತು. ಆ ಹೊತ್ತಿಗೆ ಕಾಲ ಮಿಂಚಿತ್ತು. ಉಳಿದ ತಯಾರಕರು ಒಟ್ಟಾಗಿ ಬೇರೆ ದಾರಿ ಹಿಡಿದರು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾದರಿಯಿಂದ ಮದರ್‌ಬೋರ್ಡಿನ ತಿರುಪಿನ ತೂತು ಎಲ್ಲಿರಬೇಕು ಎಂಬುದಕ್ಕೂ ಒಂದು ಒಪ್ಪಂದವಾಯಿತು.

ಈ ತೆರೆದ ಬಾಗಿಲಿನಿಂದಲೇ ನಮ್ಮಲ್ಲೂ ಕಂಪ್ಯೂಟರ್ ಮನೆ ಸೇರಿತು. 1984ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಹೊಸ ಕಂಪ್ಯೂಟರ್ ನೀತಿ ಆಮದಿನ ಬಿಗಿಯನ್ನು ಸಡಿಲಿಸಿತು. ಮುಂದೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಕೊಂಡು ಜೋಡಿಸುವ ‘ಅಸೆಂಬಲ್ಡ್’ ಕಂಪ್ಯೂಟರ್ ಮನೆಮಾತಾಯಿತು. ಅಣ್ಣನ ಹಳೆಯ ರ‍್ಯಾಮ್ ತಮ್ಮನ ಯಂತ್ರಕ್ಕೆ, ಅಲ್ಲಿಂದ ಮತ್ತೊಬ್ಬ ನೆಂಟನ ಮನೆಗೆ ಹೋಗುತ್ತಿದ್ದ ಕಾಲವದು.

ಯಾವುದು ಉಳಿಯಬೇಕು?

ಹಾಗೆಂದು ಹಳೆಯದೆಲ್ಲ ಹೊಸದಕ್ಕೆ ಹೊಂದುವುದಿಲ್ಲ. ರ‍್ಯಾಮ್ ಪಟ್ಟಿಯಲ್ಲಿ ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ತಲೆಮಾರುಗಳಿವೆ. ಒಂದರ ಜಾಗದಲ್ಲಿ ಇನ್ನೊಂದು ಕೂರದಿರಲೆಂದೇ ಅಂಚಿನ ಕಚ್ಚನ್ನು ಬೇರೆ ಬೇರೆ ಕಡೆ ಇಟ್ಟಿರುತ್ತಾರೆ. ಕೂರದಿದ್ದರೆ ಬಲಪ್ರಯೋಗ ಸಲ್ಲದು. ಹಾರ್ಡ್ ಡಿಸ್ಕಿನ ಕಥೆ ಹೆಚ್ಚು ಸರಳ. 2003ರ ಸುಮಾರಿಗೆ ಬಂದ ಸಾಟಾ ಜೋಡಣೆಯ ಡಿಸ್ಕುಗಳನ್ನು ಇಂದಿನ ಮೇಜು ಕಂಪ್ಯೂಟರಿಗೂ ಸಿಕ್ಕಿಸಬಹುದು, ಯುಎಸ್‌ಬಿ ಡಬ್ಬಿಯೊಳಗಿಟ್ಟು ಹೊರಗಿನಿಂದಲೂ ಬಳಸಬಹುದು. ಯುಎಸ್‌ಬಿ ಕೀಲಿಮಣೆ, ಮೌಸ್, ಚಪ್ಪಟೆ ಮಾನಿಟರ್, ಗಾಳಿಪಂಕ ಇವಕ್ಕೂ ಇನ್ನೊಂದು ಬಾಳಿದೆ.

ಬಿಚ್ಚುವ ಮುನ್ನ ವಿದ್ಯುತ್ ತಂತಿಯನ್ನು ಕಿತ್ತಿಡಬೇಕು. ಬಳಿಕ ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ವಿದ್ಯುತ್ ಇಳಿಯುತ್ತದೆ. ನಮ್ಮ ಮೈಯಲ್ಲಿರುವ ಸ್ಥಾಯೀ ವಿದ್ಯುತ್ತೂ ಚಿಪ್‌ಗಳನ್ನು ಕೆಡಿಸಬಲ್ಲದು. ಆದ್ದರಿಂದ ಆಗಾಗ ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟುತ್ತಿರಬೇಕು.

ತೆರೆಯಲೇಬಾರದ ವಸ್ತುಗಳೂ ಇವೆ. ಮೊದಲನೆಯದು ಪವರ್ ಸಪ್ಲೈ ಡಬ್ಬಿ. ನಮ್ಮ ಮನೆಯ 230 ವೋಲ್ಟ್ ಅದರೊಳಗೆ 300 ವೋಲ್ಟಿಗೂ ಹೆಚ್ಚಾಗಿ ಕೆಪಾಸಿಟರ್‌ಗಳಲ್ಲಿ ತುಂಬಿರುತ್ತದೆ, ತಂತಿ ಕಿತ್ತ ಮೇಲೂ ಉಳಿದಿರಬಹುದು. ಎರಡನೆಯದು ಹಿಂದಿನ ಕಾಲದ, ಬೆನ್ನು ಉಬ್ಬಿದ ಮಾನಿಟರ್. ಅದರ ಕೊಳವೆ ಸಾವಿರಾರು ವೋಲ್ಟುಗಳಲ್ಲಿ ಕೆಲಸ ಮಾಡುತ್ತದೆ, ಗಾಜಿನಲ್ಲಿ ಸೀಸವಿದೆ, ಒಳಗೆ ನಿರ್ವಾತವಿರುವುದರಿಂದ ಒಡೆದರೆ ಚೂರು ಸಿಡಿಯುತ್ತದೆ. ಮೂರನೆಯದು ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿ. ಒತ್ತಿದರೂ ಚುಚ್ಚಿದರೂ ಬೆಂಕಿ ಹತ್ತಬಹುದು. ಗಡಿಯಾರ ನಡೆಸಲು ಮದರ್‌ಬೋರ್ಡಿನಲ್ಲಿರುವ ನಾಣ್ಯದಂಥ ಪುಟ್ಟ ಬ್ಯಾಟರಿ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ.

ಡಿಸ್ಕಿನಲ್ಲಿ ಉಳಿದ ನೆನಪು

ಇವೆಲ್ಲ ಕೈಗೆ ಆಗುವ ಅಪಾಯ. ಕಣ್ಣಿಗೆ ಕಾಣದ ಅಪಾಯ ಡಿಸ್ಕಿನಲ್ಲಿದೆ. ಅಮೆರಿಕದ ಎಂಐಟಿಯ ಸಿಮ್ಸನ್ ಗಾರ್‌ಫಿಂಕಲ್ ಮತ್ತು ಅಭಿ ಶೆಲಟ್ ಅವರು 158 ಬಳಸಿದ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದಬಹುದಾಗಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದು 12 ಮಾತ್ರ. ಉಳಿದವುಗಳಲ್ಲಿ ಪತ್ರಗಳು, ವೈದ್ಯಕೀಯ ವಿವರಗಳು, ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಿಕ್ಕವು. ಮಾರಿದವರಲ್ಲಿ ಹಲವರು ಅಳಿಸಿದ್ದೇವೆಂದೇ ನಂಬಿದ್ದಿರಬೇಕು. ಕಡತವನ್ನು ಡಿಲೀಟ್ ಮಾಡಿದರೆ ಪುಸ್ತಕದ ಪರಿವಿಡಿ ಹರಿದಂತೆ, ಪುಟಗಳು ಹಾಗೆಯೇ ಇರುತ್ತವೆ. ತಿರುಗುವ ಡಿಸ್ಕಾದರೆ ಎಲ್ಲ ಪುಟಗಳ ಮೇಲೂ ಮತ್ತೊಮ್ಮೆ ಬರೆಯಬೇಕು. ಎಸ್‌ಎಸ್‌ಡಿಯಾದರೆ ತಯಾರಕರೇ ಕೊಡುವ ಅಳಿಸುವ ಆದೇಶವನ್ನು ಬಳಸಬೇಕು.

ನಮ್ಮ ಮನೆಯ ಯಂತ್ರವನ್ನು ಬಿಚ್ಚಿದಾಗ ಮದರ್‌ಬೋರ್ಡಿನ ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ಅದರ ಕಥೆ ಮುಗಿದಿತ್ತು. ಡಿಸ್ಕು ಸಾಟಾಕ್ಕಿಂತ ಹಿಂದಿನದು, 40 ಪಿನ್ನುಗಳ ಅಗಲ ಪಟ್ಟಿಯದು. ಯುಎಸ್‌ಬಿ ಅಡಾಪ್ಟರ್ ತಂದು ಜೋಡಿಸಿದಾಗ ಅದು ಗುರುಗುಟ್ಟುತ್ತಾ ತಿರುಗಿತು. ಅದರಲ್ಲಿ ಅಪ್ಪನ ತೆರಿಗೆ ಕಾಗದಗಳಿದ್ದವು, ಒಂದು ಬ್ಯಾಂಕ್ ಖಾತೆಯ ಸಂಖ್ಯೆಯೂ ಇತ್ತು. ನಾವೆಲ್ಲ ಕಳೆದುಹೋಯಿತೆಂದುಕೊಂಡಿದ್ದ, ಅಜ್ಜಿ ಜಗಲಿಯಲ್ಲಿ ಹೂ ಕಟ್ಟುತ್ತಿರುವ ಚಿತ್ರವೂ ಅಲ್ಲೇ ಇತ್ತು. ತಕ್ಕಡಿಗೆ ಹಾಕಿದ್ದರೆ ಚಿತ್ರ ನಮಗೆ ತಪ್ಪುತ್ತಿತ್ತು, ಖಾತೆಯ ಸಂಖ್ಯೆ ಯಾರಿಗೋ ಸಿಗುತ್ತಿತ್ತು.

ಉಳಿದದ್ದು ಎಲ್ಲಿಗೆ?

ಬಳಕೆಗೆ ಬಾರದ ಭಾಗಗಳೂ ಎಲ್ಲೋ ಒಂದು ಕಡೆ ಹೋಗಲೇಬೇಕು. ಅವು ಹೋಗುತ್ತಿದ್ದ ದಾರಿಯನ್ನು 2002ರಲ್ಲಿ ಬಾಸೆಲ್ ಆ್ಯಕ್ಷನ್ ನೆಟ್‌ವರ್ಕ್ ಮತ್ತು ಜೊತೆಗಾರ ಸಂಸ್ಥೆಗಳ ವರದಿ ಜಗತ್ತಿಗೆ ತೋರಿಸಿತು. ಚೀನಾದ ಗುಯಿಯು ಪಟ್ಟಣದಲ್ಲಿ ಜನರು ತಂತಿಗಳನ್ನು ಬಯಲಲ್ಲಿ ಸುಟ್ಟು ತಾಮ್ರ ತೆಗೆಯುತ್ತಿದ್ದರು, ಬೋರ್ಡುಗಳನ್ನು ಆಮ್ಲದಲ್ಲಿ ಅದ್ದಿ ಚಿನ್ನ ತೆಗೆಯುತ್ತಿದ್ದರು. ದೆಹಲಿಯ ಸೀಲಂಪುರದ ಗಲ್ಲಿಗಳಲ್ಲೂ ಇದೇ ಕಸುಬು ಬೆಳೆದಿತ್ತು. ನಾವು ಪಡೆಯುವ ನಾಲ್ಕು ಕಾಸಿನ ಗುಜರಿ ಬೆಲೆಯ ಉಳಿದ ಪಾಲನ್ನು ಇಂಥವರ ಶ್ವಾಸಕೋಶ ತೆರುತ್ತದೆ.

ಕರ್ನಾಟಕದಲ್ಲಿ 2005ರಲ್ಲೇ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಮರುಬಳಕೆ ಘಟಕ ಆರಂಭವಾಯಿತು. ಕೇಂದ್ರ ಸರ್ಕಾರ 2011ರಲ್ಲಿ ರೂಪಿಸಿದ ಇ-ತ್ಯಾಜ್ಯ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು. ತಯಾರಿಸಿದವರೇ ಹಳೆಯದರ ಹೊಣೆಯನ್ನೂ ಹೊರಬೇಕೆಂಬ ತತ್ತ್ವ ಅಂದಿನಿಂದ ಕಾನೂನಾಯಿತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ ನಿಯಮಗಳಲ್ಲೂ ಅದೇ ತತ್ತ್ವವಿದೆ. ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿದ ಮರುಬಳಕೆದಾರರಿಗೋ ತಯಾರಕರ ಸಂಗ್ರಹ ಕೇಂದ್ರಕ್ಕೋ ತಲುಪಿಸುವುದು ನಮ್ಮ ಪಾಲಿನ ಕೆಲಸ.

ನಾವೂ ಹಾಗೆಯೇ ಮಾಡಿದೆವು. ಚಿತ್ರಗಳನ್ನು ಬೇರೆಡೆಗೆ ಇಳಿಸಿಕೊಂಡು, ಡಿಸ್ಕನ್ನು ಪೂರ್ತಿ ಅಳಿಸಿ, ಬೋರ್ಡು ಮತ್ತು ಮಾನಿಟರಿನ ಜೊತೆ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಿದೆವು. ಮುಂದಿನ ವಾರ ಗುಜರಿಯವರು ಹೇಳಿದಂತೆ ಬಂದರು. ಅವರ ತಕ್ಕಡಿಗೆ ಹಾಕಲು ನಮ್ಮಲ್ಲಿ ಹಳೆಯ ಪತ್ರಿಕೆಗಳ ಕಟ್ಟಷ್ಟೇ ಉಳಿದಿತ್ತು.