ತನ್ನ ಕೈಯಾರೆ ಕಲ್ಲು ಕಡೆದ ಎಡ್ಮೋನಿಯಾ

ನಮ್ಮ ಪೋತ್ನಾಳ, ಮಾನ್ವಿ, ದೇವದುರ್ಗದ ಕಡೆ ಬಿಸಿಲಲ್ಲಿ ಕೂತು ಕಲ್ಲು ಒಡೆಯೋ ಹೆಣ್ಣುಮಕ್ಕಳನ್ನ ನೋಡದವರು ಯಾರಿದ್ದೀರಿ? ಆದರೂ ‘ಶಿಲ್ಪಿ’ ಅಂದ ಕೂಡಲೇ ಕಣ್ಮುಂದೆ ಬರೋದು ಗಂಡಸೇ. ಅದಕ್ಕೇ ಇವತ್ತು ಎಡ್ಮೋನಿಯಾ ಲೂಯಿಸ್ ಬಗ್ಗೆ ಬರೀತಿದ್ದೀನಿ ಗೆಳೆಯರೇ, ಪೂರ್ತಿ ಓದಿ.

ಹುಟ್ಟಿದ್ದು ಸುಮಾರು 1844ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ಅಪ್ಪ ಕಪ್ಪು ಜನಾಂಗದವ, ಅವ್ವ ಓಜಿಬ್ವೆ ಆದಿವಾಸಿ ಮೂಲದಾಕೆ. ಇಬ್ಬರೂ ಬೇಗ ತೀರಿಹೋದರು. ನಮ್ಮವರು ದುಡಿಯಾಕ ಹಟ್ಟಿ ಗಣಿಗೆ ಹೋದಂಗ, ಅಣ್ಣ ಸ್ಯಾಮ್ಯುಯೆಲ್ ಚಿನ್ನದ ಬೆನ್ನು ಹತ್ತಿ ಕ್ಯಾಲಿಫೋರ್ನಿಯಾಕ್ಕೆ ಹೋದ. ಅವನ ದುಡ್ಡಲ್ಲಿ ತಂಗಿ 1859ರಲ್ಲಿ ಒಬರ್ಲಿನ್‌ಗೆ ಓದಲು ಬಂದಳು.

ಒಬರ್ಲಿನ್ ಅಂದ್ರೆ ಆ ಕಾಲಕ್ಕೇ ಹೆಣ್ಣುಮಕ್ಕಳಿಗೂ ಕಪ್ಪು ಜನರಿಗೂ ಬಾಗಿಲು ತೆರೆದ ‘ಪ್ರಗತಿಪರ’ ಕಾಲೇಜು. ಅಲ್ಲೇ 1862ರಲ್ಲಿ ಇಬ್ಬರು ಬಿಳಿಯ ಗೆಳತಿಯರಿಗೆ ವಿಷ ಹಾಕಿದಳು ಅಂತ ಆರೋಪ ಬಂತು. ವಿಚಾರಣೆಗೂ ಮೊದಲೇ ಗುಂಪೊಂದು ಆಕೆಯನ್ನ ಎಳೆದೊಯ್ದು, ಹೊಡೆದು, ಚಳಿಯಲ್ಲಿ ಹೊಲದಾಗ ಬಿಸಾಕಿ ಹೋಯಿತು. ಕಪ್ಪು ಜನಾಂಗದ ವಕೀಲ ಜಾನ್ ಮರ್ಸರ್ ಲ್ಯಾಂಗ್‌ಸ್ಟನ್ ವಾದಿಸಿದರು. ಸಾಕ್ಷಿ ಇಲ್ಲದೆ ಕೇಸು ಬಿದ್ದುಹೋಯಿತು. ಮರುವರ್ಷ ಚಿತ್ರಕಲೆಯ ಸಾಮಾನು ಕದ್ದಳು ಅಂತ ಇನ್ನೊಂದು ಆರೋಪ. ಅದರಲ್ಲೂ ಬಿಡುಗಡೆಯಾದಳು. ಆದರೆ ಕೊನೆಯ ಅವಧಿಗೆ ಹೆಸರು ಬರೆಸಲು ಬಿಡಲಿಲ್ಲ. ಪದವಿ ಸಿಗಲಿಲ್ಲ.

ಬಾಸ್ಟನ್‌ಗೆ ಹೋಗಿ ಶಿಲ್ಪ ಕಲಿತಳು. ಕಪ್ಪು ಸೈನಿಕರ ದಳ ಮುನ್ನಡೆಸಿ ಸತ್ತ ರಾಬರ್ಟ್ ಶಾನ ಮೂರ್ತಿ ಮಾಡಿ, ಅದರ ಪ್ಲಾಸ್ಟರ್ ನಕಲುಗಳನ್ನ ಮಾರಿದ ದುಡ್ಡಲ್ಲಿ ಇಟಲಿಗೆ ಹಡಗು ಹತ್ತಿದಳು.

ರೋಮ್‌ನಲ್ಲಿ ದೊಡ್ಡ ಶಿಲ್ಪಿಗಳ ಪದ್ಧತಿ ಹೀಗಿತ್ತು: ಮಣ್ಣಿನಲ್ಲಿ ಮಾದರಿ ಮಾಡೋದು ಅವರು, ಅಮೃತಶಿಲೆ ಕಡೆಯೋದು ಕೂಲಿ ಕುಶಲಕರ್ಮಿಗಳು, ಹೆಸರು ಮಾತ್ರ ಶಿಲ್ಪಿಯದ್ದು. (ನಮಗೇನು ಇದು ಹೊಸದಲ್ಲ ಬಿಡಿ.) ಆದರೆ ಹೆಣ್ಣು ಹಾಗೆ ಮಾಡಿಸಿದರೆ ‘ಇದು ಅವಳ ಕೆಲಸವೇ ಅಲ್ಲ’ ಅನ್ನೋರು. ಬಿಳಿಯ ಶಿಲ್ಪಿ ಹ್ಯಾರಿಯೆಟ್ ಹಾಸ್ಮರ್‌ಳನ್ನೇ ಬಿಟ್ಟಿರಲಿಲ್ಲ. ಆಕೆ ಮಾನನಷ್ಟ ಮೊಕದ್ದಮೆ ಹೂಡಬೇಕಾಯಿತು. ಇನ್ನು ಎಡ್ಮೋನಿಯಾಳನ್ನ ಬಿಡ್ತಾರಾ? ಅದಕ್ಕೇ ಬಹುಪಾಲು ಕಲ್ಲನ್ನ ತಾನೇ ಕಡೆದಳು. ಉಳಿ, ಸುತ್ತಿಗೆ, ಧೂಳು ಎಲ್ಲಾ ತಂದೇ.

1867ರ ‘ಫಾರೆವರ್ ಫ್ರೀ’ಯಲ್ಲಿ ಒಬ್ಬ ಕಪ್ಪು ಗಂಡಸು ಹರಿದ ಸರಪಳಿಯ ಕೈ ಎತ್ತಿ ನಿಂತಿದ್ದಾನೆ, ಪಕ್ಕದಲ್ಲಿ ಹೆಣ್ಣು ಮೊಣಕಾಲೂರಿದ್ದಾಳೆ. ಅದಾದ ಆರು ವರ್ಷಕ್ಕೆ ನಮ್ಮ ಜ್ಯೋತಿಬಾ ಫುಲೆ ‘ಗುಲಾಮಗಿರಿ’ಯನ್ನ, ಗುಲಾಮಿ ಪದ್ಧತಿ ಅಳಿಸಿದ ಅಮೆರಿಕದ ಜನರಿಗೆ ಅರ್ಪಿಸಿದರು.

1876ರ ಫಿಲಡೆಲ್ಫಿಯಾ ಪ್ರದರ್ಶನಕ್ಕೆ ಆಕೆ ಕಳಿಸಿದ್ದು ‘ಕ್ಲಿಯೋಪಾತ್ರಳ ಸಾವು’. ಸಾವಿರ ಕಿಲೋ ಮೀರಿದ ಅಮೃತಶಿಲೆ. ಆಮೇಲೆ ಅದರ ಪಾಡು ಕೇಳಿ: ಶಿಕಾಗೋದ ಸಾರಾಯಿ ಅಂಗಡಿಯಲ್ಲಿ ನಿಂತಿತು, ಕ್ಲಿಯೋಪಾತ್ರ ಹೆಸರಿನ ರೇಸು ಕುದುರೆಯ ಸಮಾಧಿಗೆ ಗುರುತಾಯಿತು, ಕೊನೆಗೆ ಗುಜರಿಗೆ ಬಿತ್ತು. ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್‌ನಲ್ಲಿದೆ.

ಎಡ್ಮೋನಿಯಾ 1907ರಲ್ಲಿ ಲಂಡನ್‌ನಲ್ಲಿ ತೀರಿಕೊಂಡಳು. ಒಬರ್ಲಿನ್ ಆಕೆಗೆ ಪದವಿ ಕೊಟ್ಟಿದ್ದು 2022ರಲ್ಲಿ.